ಕೂಸು ಹುಟ್ಟಿದ ಮೇಲೆ ಕುಬುಸ

ಹೊನ್ನೂರಪ್ಪ ಬಾವಿಗೆ ಬಿದ್ದರೂ ಮೊದಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಬೀಳುತ್ತಾನೆ ಎಂದು ಅವನ ಊರಿನವರು ಹೇಳುತ್ತಿದ್ದರು. ಮಾತು ಪೂರ್ತಿ ಸುಳ್ಳಲ್ಲ. ಸಿರುಗುಪ್ಪದ ಆಚೆ, ತುಂಗಭದ್ರೆಯ ದಂಡೆಗಿದ್ದ ಆ ಸಣ್ಣ ಊರಿನಲ್ಲಿ ಎಲ್ಲರೂ ಎತ್ತಿನ ಹಗ್ಗಕ್ಕೆ ಒಂದು ಗಂಟು ಹಾಕಿದರೆ ಅವನು ಎರಡು ಹಾಕುತ್ತಿದ್ದ. ಹತ್ತರ ಬಸ್ಸಿಗೆ ಹೋಗಬೇಕಾದವನು ಒಂಬತ್ತರ ಬಸ್ಸಿಗೇ ಹೋಗಿ, ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಊರಿಕೊಂಡು ಕೂತಿರುತ್ತಿದ್ದ. ಭತ್ತದ ಸಸಿಗೆಂದು ಎಲ್ಲರೂ ಹೊಲದಲ್ಲಿ ಒಂದು ಮಡಿ ಮಾಡಿದರೆ, ಇವನು ಮನೆಯ ಹಿಂದಿನ ದಿನ್ನೆಯ ಮೇಲೆ ಇನ್ನೊಂದು ಸಣ್ಣ ಮಡಿ ಮಾಡುತ್ತಿದ್ದ. ಒಂದು ಕೊಳೆತರೆ ಇನ್ನೊಂದು ಇರಲಿ ಎಂದು. ಆ ಇನ್ನೊಂದು ಹೆಚ್ಚಿನ ವರ್ಷ ದನದ ಬಾಯಿಗೇ ಹೋಗುತ್ತಿತ್ತು.

ಊರು ಅವನಿಗೆ ಇಟ್ಟ ಹೆಸರುಗಳೂ ಅಷ್ಟೇ ಇದ್ದವು. ಪ್ರೀತಿ ಇದ್ದವರು ಹುಷಾರಿ ಮನುಷ್ಯ ಎಂದರು, ಪ್ರೀತಿ ಕಡಿಮೆಯಾದವರು ಅನುಮಾನದ ಗಿರಾಕಿ ಎಂದರು. ಮುಖದೆದುರು ಶಾಣ್ಯಾ, ಬೆನ್ನ ಹಿಂದೆ ಅಂಜುಬುರುಕ. ಒಂದೇ ನಡತೆಗೆ ಇಷ್ಟು ಹೆಸರು ಯಾಕೆಂದರೆ, ಜನ ನಡತೆ ನೋಡಿ ಹೆಸರಿಡುವುದಿಲ್ಲ, ಆಮೇಲೆ ಏನಾಯಿತೆಂದು ನೋಡಿ ಇಡುತ್ತಾರೆ. ಮಳೆ ಬಂದರೆ ಕೊಡೆ ತಂದವನು ಜಾಣ. ಬರದಿದ್ದರೆ ಅವನೇ ದಿನವಿಡೀ ಕೊಡೆ ಹೊತ್ತು ತಿರುಗಿದ ಪೆದ್ದ.

ಇಂಥವನ ಮನೆಗೆ ಸೊಸೆಯಾಗಿ ಬಂದವಳು ಕುರುಗೋಡಿನ ಮಂಜಮ್ಮ. ಅವಳ ಗಂಡ ವಿರೂಪಾಕ್ಷಿ ಹೊನ್ನೂರಪ್ಪನ ಒಬ್ಬನೇ ಮಗ, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಮದುವೆ ಆದದ್ದು ಕೊರೊನಾ ಕಾಲದಲ್ಲಿ. ವಾಲಗ ಇಲ್ಲ, ಬೀಗರ ಊಟ ಇಲ್ಲ, ಹಂದರದಲ್ಲಿ ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ. ಮದುವೆಯ ಫೋಟೋದಲ್ಲಿ ಗಂಡನ ಬಾಸಿಂಗ ಕಾಣುತ್ತದೆ, ಕಣ್ಣು ಕಾಣುತ್ತವೆ, ಉಳಿದದ್ದೆಲ್ಲ ಮಾಸ್ಕ್. ಅದೇ ಫೋಟೋದಲ್ಲಿ ಮಾಸ್ಕಿನ ಮೇಲೆ ಮಾಸ್ಕ್ ಹಾಕಿಕೊಂಡು ನಿಂತವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಹೀಗಾಗಿ, ಕೆಲವು ವರ್ಷ ಕಾದು ಬಸುರಿಯಾದಾಗ ಮಂಜಮ್ಮನ ಆಸೆಯೆಲ್ಲ ಕುಬುಸದ ಕಾರ್ಯದ ಮೇಲೆ ಕೂತಿತು. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಮುತ್ತೈದೆಯರು ಹಾಡುತ್ತ ಉಡಿ ತುಂಬಿ, ಗಂಡನ ಮನೆಯವರು ಮರ್ಯಾದೆಯಿಂದ ಹೆರಿಗೆಗೆ ತವರಿಗೆ ಕಳಿಸಿಕೊಡುವುದು. ಮದುವೆಯಲ್ಲಿ ಆಗದ ಸಂಭ್ರಮ ಇದರಲ್ಲಾದರೂ ಆಗಲಿ ಎಂದು ಅವಳು ದೇವರಿಗೆ ಹೇಳಿಕೊಂಡಿದ್ದಳು. ಆಷಾಢ ಬೇಡ, ಶ್ರಾವಣದ ಸೋಮವಾರ ಮಾಡೋಣ, ಆಗ ಒಂಬತ್ತನೇ ತಿಂಗಳಿಗೂ ಬಿದ್ದಿರುತ್ತದೆ ಎಂದು ಅತ್ತೆ ವಿರೂಪಮ್ಮ ನಿಶ್ಚಯಿಸಿದಳು. ಸೀರೆ ತಂದು ಪೆಟ್ಟಿಗೆಯಲ್ಲಿಟ್ಟದ್ದೂ ಆಯಿತು. ಯಾರೂ ಇಲ್ಲದಾಗ ಮಂಜಮ್ಮ ಪೆಟ್ಟಿಗೆ ತೆರೆದು ಆ ಸೀರೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು.

ಆಷಾಢ ಮುಗಿಯುವ ಹೊತ್ತಿಗೆ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಬಂತು. ಅಣೆಕಟ್ಟು ತುಂಬುತ್ತಿದೆ, ಯಾವ ಹೊತ್ತಿನಲ್ಲಾದರೂ ನೀರು ಬಿಡಬಹುದು, ಹೊಳೆದಂಡೆಯವರು ಎಚ್ಚರದಿಂದ ಇರಬೇಕು ಎಂದು ಕೂಗಿತು. ಇದು ಪ್ರತಿವರ್ಷದ ಕೂಗು. ಉಳ್ಳಾಗಡ್ಡಿ ಮಾರುವವನು ಕೂಗಿದರಾದರೂ ಜನ ಬಾಗಿಲಿಗೆ ಬರುತ್ತಾರೆ, ಇದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಊರಿಗೂ ಸಿರುಗುಪ್ಪಕ್ಕೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಒಂದು ತಗ್ಗು ಸೇತುವೆ. ಹೊಳೆ ಬಹಳ ಏರಿದರೆ ನೀರು ಹಳ್ಳದೊಳಗೆ ನುಗ್ಗಿ ಸೇತುವೆ ಮುಳುಗುತ್ತದೆ, ಊರಿನಿಂದ ಯಾರೂ ಹೊರಗೆ ಹೋಗುವಂತಿಲ್ಲ. ಆದರೆ ಅದು ಎಂದೋ ಒಂದು ವರ್ಷ ಆಗುವ ಮಾತು.

ಹೊನ್ನೂರಪ್ಪ ಆ ಸಂಜೆ ಹೊಳೆಯ ದಂಡೆಗೆ ಹೋಗಿ ಕೂತು ಬಂದ. ಬೆಳಿಗ್ಗೆ ಎದ್ದವನೇ ಸೊಸೆಗೆ ಹೇಳಿದ:

"ಮಂಜಮ್ಮ, ಬಟ್ಟಿ ಕಟ್ಟಿಕೊ ಯವ್ವಾ. ಇವತ್ತ ಕುರುಗೋಡಿಗೆ ಬಿಟ್ಟು ಬರ್ತೀನಿ."

ಅಂದು ಮಂಗಳವಾರ, ಮರುದಿನ ನಾಗರ ಅಮಾವಾಸ್ಯೆ. ಸಾಲದ್ದಕ್ಕೆ ಮಂಜಮ್ಮನಿಗೆ ಎಂಟನೇ ತಿಂಗಳು. ಎಂಟರಲ್ಲಿ ಬಸುರಿ ಊರು ದಾಟಬಾರದು ಎಂಬುದು ಅಲ್ಲಿನ ಹೆಂಗಸರ ಕಟ್ಟಪ್ಪಣೆ. ವಿರೂಪಮ್ಮ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ನಿಮಗೇನು ತಲಿ ಸರಿ ಐತೋ ಇಲ್ಲೋ? ಮಂಗಳವಾರ ಮನಿ ಸೊಸಿನ ಹೊರಗ ಹಾಕ್ತಾರೇನು? ಕುಬುಸ ಇಲ್ಲ, ಉಡಿ ಇಲ್ಲ!"

"ಹೊರಗ ಹಾಕಾಕತ್ತಿಲ್ಲ, ತವರಿಗೆ ಕಳಸಾಕತ್ತೀನಿ. ಹೊಳಿ ಬಂದ್ರ ಸೇತುವಿ ಮುಳುಗ್ತೈತಿ. ಆವಾಗ ಇಕಿಗೆ ನೋವು ಬಂದ್ರ ಏನ್ ಮಾಡ್ತಿ?"

"ಹೊಳಿ ಬಂದಾಗ ನೋಡೂಣು ಬಿಡ್ರಿ."

"ಹೊಳಿ ಬಂದಾಗ ನೋಡಾಕ ಹೊಳಿ ಅಷ್ಟ ಇರ್ತೈತಿ, ದಾರಿ ಇರಂಗಿಲ್ಲ."

"ಹಂಗಾರ ಒಯ್ಯಿರಿ. ಇವತ್ತ ನಾ ಉಡಿ ತುಂಬಿದ್ರ ನಾನ ಕಳಸಿದಂಗ ಆಗ್ತೈತಿ. ನಾಳೆ ಏನಾರ ಆದ್ರ ನನ್ನ ಕೈಯಿಂದ ಆತು ಅಂತಾರ. ನಾ ತುಂಬಂಗಿಲ್ಲ," ಎಂದು ವಿರೂಪಮ್ಮ ಒಳಗೆ ಹೋಗಿ ಕೂತಳು. ಅವಳದೂ ಎಚ್ಚರವೇ. ಗಂಡ ಹೊಳೆಗೆ ಹೆದರಿದರೆ ಹೆಂಡತಿ ವಾರಕ್ಕೆ ಹೆದರಿದಳು, ನಡುವೆ ಬಡವಾದದ್ದು ಸೊಸೆ.

ಮಂಜಮ್ಮ ಗಂಡನಿಗೆ ಫೋನು ಮಾಡಿದಳು. ಗಿರಣಿಯ ಸದ್ದಿನಲ್ಲಿ ಅವನು "ಅಪ್ಪ ಹೇಳಿದ ಮ್ಯಾಲೆ ಮುಗೀತಲ್ಲ" ಎಂದನೋ "ಮುಗೀಲಿಲ್ಲ" ಎಂದನೋ ತಿಳಿಯಲಿಲ್ಲ; ಎರಡರಿಂದಲೂ ಪ್ರಯೋಜನವಿರಲಿಲ್ಲ. ಬಾಡಿಗೆಯ ಕ್ರೂಸರ್ ಗಾಡಿ ಬಾಗಿಲಿಗೆ ಬಂತು. ಹೊನ್ನೂರಪ್ಪ ನೀರಿನ ಕ್ಯಾನು, ಬ್ಯಾಟರಿ, ಹಗ್ಗ, ಕೊಡೆ, ಎರಡು ದಿಂಬು ಎಲ್ಲ ಹೇರಿದ. ಉಡಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಖಾಲಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಮಂಜಮ್ಮ ಹತ್ತಿದಳು. ಓಣಿಯ ಹೆಂಗಸರು ಕಟ್ಟೆಯ ಮೇಲೆ ನಿಂತು ನೋಡಿದರು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಅಂತಾರಲ್ಲ, ಇವನ ನೋಡವ್ವ" ಎಂದು ಯಾರೋ ನಕ್ಕದ್ದು ಗಾಡಿಯ ಒಳಗೂ ಕೇಳಿಸಿತು.

ಕುರುಗೋಡಿನಲ್ಲಿ ತಾಯಿ ಕೊಟ್ರಬಸಮ್ಮ ಬಾಗಿಲಲ್ಲೇ ಬೆಪ್ಪಾದಳು. ಎಂಟು ತುಂಬದ ಮಗಳು, ಮಂಗಳವಾರ, ಬರಿ ಉಡಿ. ಹೊನ್ನೂರಪ್ಪ ಚಹಾ ಕುಡಿಯಲೂ ನಿಲ್ಲಲಿಲ್ಲ. ನೀರು ಬರುವ ಮೊದಲು ತಾನು ಊರು ಸೇರಬೇಕು, ದನ ಇದ್ದಾವೆ ಎಂದು ಅದೇ ಗಾಡಿಯಲ್ಲಿ ತಿರುಗಿ ಹೋದ. "ಏನ್ ತಪ್ಪು ಮಾಡಿದಿಯವ್ವಾ? ಖರೇ ಹೇಳು," ಎಂದು ತಾಯಿ ಕೇಳಿದಾಗ ಮಂಜಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಏರಿತು, ದಂಡೆಯ ಗುಡಿಯ ಮೆಟ್ಟಿಲು ಮುಟ್ಟಿತು, ಇಳಿಯಿತು. ಸೇತುವೆಯ ಮೇಲೆ ಒಂದು ಹನಿ ಬರಲಿಲ್ಲ. ಊರಿಗೆ ಹಬ್ಬವೇ ಆಯಿತು. ಹೊನ್ನೂರಪ್ಪ ಎದುರಿಗೆ ಬಂದರೆ ಹುಡುಗರು "ಹೊಳಿ ಬಂತು, ಓಡ್ರಲೇ!" ಎಂದು ಕಟ್ಟೆ ಹತ್ತುತ್ತಿದ್ದರು. ವಿರೂಪಾಕ್ಷಿ ಫೋನಿನಲ್ಲಿ ಇದನ್ನು ಹೇಳಿ ನಕ್ಕ. ಈ ಕಡೆ ನಗು ಬರದಿದ್ದಾಗ ಕೆಮ್ಮಿ ಫೋನಿಟ್ಟ.

ಶ್ರಾವಣದ ಸೋಮವಾರ ಹತ್ತಿರ ಬಂತು. ಒಂದು ದಿನದ ಮಟ್ಟಿಗೆ ಕರೆಸಿ ಕುಬುಸ ಮಾಡಿ ಕಳಿಸೋಣ ಎಂದು ವಿರೂಪಮ್ಮ ಕೇಳಿದ್ದಕ್ಕೆ ಹೊನ್ನೂರಪ್ಪ ಒಪ್ಪಲಿಲ್ಲ. ಡ್ಯಾಮು ಇನ್ನೂ ತುಂಬಿಯೇ ಇದೆಯಂತೆ. ಹಾಗಾದರೆ ಕುರುಗೋಡಿಗೇ ಹೋಗಿ ಮಾಡಿ ಬಾ ಎಂದು ಅವನು ಹೇಳಿದರೆ, "ನಮ್ಮ ಮನಿ ಕಾರ್ಯ ಬೀಗರ ಮನ್ಯಾಗ ಮಾಡ್ತಾರೇನು?" ಎಂದು ಇವಳು ಒಪ್ಪಲಿಲ್ಲ. ಸೋಮವಾರ ಬಂದು ಹೋಯಿತು. ಅಂದು ಮಂಜಮ್ಮ ಊಟ ಮಾಡಲಿಲ್ಲ. ದಿನವಿಡೀ ಪೆಟ್ಟಿಗೆಯಲ್ಲಿದ್ದ ಆ ಹಸಿರು ಸೀರೆಯದೇ ನೆನಪು.

ಮುಂದಿನ ಭಾನುವಾರ ಅಣ್ಣ ದೊಡ್ಡಬಸವರಾಜ ಬಳ್ಳಾರಿಯಿಂದ ಬಂದ. ಸತ್ಯನಾರಾಯಣಪೇಟೆಯಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಯಾವ ವಿಷಯವನ್ನೂ ಪಾಠ ಮಾಡದೆ ಬಿಡುವ ಜಾಯಮಾನವಲ್ಲ.

"ನೋಡವ್ವ, ವಿವೇಕ ಬ್ಯಾರೆ, ಭಯ ಬ್ಯಾರೆ. ಮುಂದಾಲೋಚನೆ, ಮುಂಜಾಗ್ರತೆ, ದೂರದೃಷ್ಟಿ ಇವೆಲ್ಲ ಒಂದ ಮನಿ ಮಕ್ಕಳು. ಅಂಜುಬುರುಕತನ ಅನ್ನೂದು ನಾನೂ ಅದ ಮನಿಯವ ಅಂತ ಸುಳ್ಳು ಹೇಳಿ ಒಳಗ ಬಂದು ಕುಂತ ನೆಂಟ. ಮಂಜಿ ಮಾವನ ಮನ್ಯಾಗ ಇರೋದು ಆ ನೆಂಟ."

"ಎರಡಕ್ಕೂ ಉಣ್ಣಾಕ ಒಂದ ತಾಟು. ಯಾವುದು ಯಾವುದು ಅಂತ ಹೆಂಗ್ ಗುರ್ತು ಹಿಡೀಬೇಕೋ?" ಎಂದಳು ಕೊಟ್ರಬಸಮ್ಮ.

ಮೇಷ್ಟರು ನೇರ ತೀರ್ಪಿಗೇ ಹೋದರು. "ಅದೆಲ್ಲ ಇರಲಿ. ಉಡಿ ತುಂಬದ ಕಳಿಸಿದ್ದು ನಮ್ಮ ಮನಿ ಹೆಣ್ಣಿಗೆ ಮಾಡಿದ ಅವಮಾನ. ಆ ಮನುಷ್ಯ ಇಲ್ಲಿಗೆ ಬಂದು ತಪ್ಪಾತು ಅನ್ನೋತನಕ ಮಂಜಿ ಆ ಮನಿ ಹೊಸ್ತಿಲ ತುಳಿಯೂದು ಬ್ಯಾಡ. ಏನಂತಿ ಮಂಜಿ?"

"ಹೂಂ," ಎಂದಳು ಮಂಜಮ್ಮ. ಹೇಳುವಾಗ ಗಂಡನ ಮುಖ ಕಣ್ಣ ಮುಂದೆ ಬಂತು. ಆದರೂ ಹೂಂ ಎಂದಳು. ಇನ್ನು ಎರಡು ಮನೆಯ ನಂಟು ಉಳಿಯುವುದೋ ಹರಿಯುವುದೋ ಆ ಒಂದು ಮಾತಿನ ಮೇಲೆ ನಿಂತಿತು.

ನೋವು ಬಂದದ್ದು ಡಾಕ್ಟರು ಹೇಳಿದ್ದಕ್ಕಿಂತ ಬಹಳ ಮೊದಲು, ಒಂದು ಮಧ್ಯಾಹ್ನ. ಶೇಂಗಾ ಸುಲಿಯುತ್ತ ಕೂತಿದ್ದ ಮಂಜಮ್ಮ ಏಳಲು ಹೋದಾಗ ನೀರು ಒಡೆದು ಸೀರೆ ತೋಯ್ದಿತು. ಎದುರು ಮನೆಯವರ ಕಾರು ಇತ್ತು. ಕುರುಗೋಡಿನಿಂದ ಬಳ್ಳಾರಿಗೆ ಗಾಡಿ ಓಡುವಷ್ಟು ಹೊತ್ತೂ ಕೊಟ್ರಬಸಮ್ಮ ಮಗಳ ಕೈ ಬಿಡಲಿಲ್ಲ, ಬಸವಣ್ಣನ ಹೆಸರು ಬಿಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಳಗೆ ಮಂಜಮ್ಮನ ಹೊಟ್ಟೆಯ ಮೇಲೆ ಏನೋ ಇಟ್ಟು ಕೇಳಿದ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಆಮೇಲೆ ಎಲ್ಲರೂ ಓಡಾಡಿದರು, ಅವಳಿಗೆ ಮೇಲಿನ ದೀಪ ಮಾತ್ರ ನೆನಪಿದೆ.

ಎಚ್ಚರಾದಾಗ ಹೊಟ್ಟೆಗೆ ಹೊಲಿಗೆ ಬಿದ್ದಿತ್ತು, ಪಕ್ಕದಲ್ಲಿ ಹೆಣ್ಣು ಕೂಸು ಇತ್ತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ, ಉಸಿರು ಸೋಲುತ್ತ ಬಂದಿತ್ತಂತೆ. "ಹೊತ್ತಿಗೆ ಸರಿಯಾಗಿ ಬಂದ್ರಿ" ಎಂದರು ಡಾಕ್ಟರಮ್ಮ.

"ಇನ್ನೊಂದು ತಾಸು ತಡ ಆಗಿದ್ರ ಏನಾಕ್ಕಿತ್ರಿ?" ಎಂದು ಮಂಜಮ್ಮ ಕೇಳಿದಳು.

"ತಡ ಆಗಲಿಲ್ಲಲ್ಲವ್ವ. ಆಗದ ಇದ್ದದ್ದನ್ನ ಯಾಕ ಕೇಳ್ತಿ? ಕೂಸಿಗೆ ಹಾಲು ಕುಡಿಸು."

ಸಂಜೆ ಅಣ್ಣ ಹಣ್ಣು ತಂದುಕೊಟ್ಟು, ತಂಗಿಯ ಮನಸ್ಸಿನಲ್ಲಿ ಓಡುತ್ತಿದ್ದದ್ದನ್ನು ಕಂಡುಹಿಡಿದವನಂತೆ ಹೇಳಿದ: "ನಿನ್ನ ಮಾವ ದೊಡ್ಡ ಜ್ಞಾನಿ ಅಂತ ತಿಳ್ಕೊಬ್ಯಾಡ ಮತ್ತ. ಇವತ್ತೂ ಆ ಸೇತುವಿ ಒಣಗೇ ಐತಿ. ಅಲ್ಲಿಂದ ಹೊಂಟಿದ್ರೂ ಸಿರುಗುಪ್ಪ ದಾಟಿ ಇಲ್ಲಿಗೆ ಬಂದು ಮುಟ್ಟತಿದ್ದಿ. ಏನ್, ಒಂದು ತಾಸು ಹೆಚ್ಚು ಹಿಡೀತಿತ್ತು." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವನು ಕೂಸಿನ ಕಡೆ ನೋಡಿದ. "ಮುಟ್ಟತಿದ್ದಿ ಅನಸ್ತೈತಿ," ಎಂದು ಸೇರಿಸಿದ.

ಆ 'ಅನಸ್ತೈತಿ' ಮಂಜಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಇರುವ ಕೂಸಿಗೆ ದೇವರನ್ನು ನೆನೆಯಬಹುದು, ಡಾಕ್ಟರಿಗೆ ಕೈ ಮುಗಿಯಬಹುದು. ಆಗದೇ ಹೋದ ಕೆಡುಕಿಗೆ ಯಾರಿಗೆ ಕೈ ಮುಗಿಯಬೇಕು? ಆಗಲೇ ಇಲ್ಲವಾದ್ದರಿಂದ ಅದಕ್ಕೆ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲದ್ದರಿಂದ ಉಪಕಾರವೂ ಇಲ್ಲ, ಊರಿಗೆ ನಗು ಮಾತ್ರ ಇದೆ. ಹೀಗೆ ಯೋಚಿಸುತ್ತಿದ್ದಾಗಲೇ ಬರಿ ಉಡಿ ನೆನಪಾಗುತ್ತಿತ್ತು, ಮತ್ತೆ ಮುಖ ಗಂಟಾಗುತ್ತಿತ್ತು.

ವಿರೂಪಾಕ್ಷಿ ಅಂದೇ ಓಡಿ ಬಂದು ಕೂಸಿನ ಬೆರಳು ಹಿಡಿದುಕೊಂಡು ಅತ್ತ. ಹೊನ್ನೂರಪ್ಪ ಮರುದಿನ ಬಂದ. ಬಂದವನು ಒಳಗೆ ಬರಲಿಲ್ಲ; ಬಸ್ಸಿನ ಧೂಳು ಮೈಮೇಲಿದೆ, ಎಳೆಗೂಸಿನ ಹತ್ತಿರ ಬೇಡ ಎಂದು ಬಾಗಿಲಿನ ಗಾಜಿನಿಂದ ಇಣುಕಿ ಹೋದನಂತೆ. ಮಂಜಮ್ಮನಿಗೆ ಕಂಡದ್ದು ಕೊಡೆಯ ತುದಿ ಮಾತ್ರ. "ಮುಖ ತೋರಿಸಾಕ ನಾಚಿಕಿ" ಎಂದ ದೊಡ್ಡಬಸವರಾಜ.

ಪುರುಡು ಕಳೆದ ಮೇಲೆ, ಮಂಜಮ್ಮ ಕುರುಗೋಡಿನ ಮನೆಯಲ್ಲಿದ್ದಾಗ, ಹೊನ್ನೂರಪ್ಪ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಂದ. ಗಾಡಿಯಿಂದ ಬುಟ್ಟಿಗಳು ಇಳಿದವು. ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಶಿನಕೊಂಬು, ಹೂವು, ಎರಡು ಬುಟ್ಟಿ ಕಡಬು. ಕಡೆಗೆ ಒಬ್ಬ ಬಳೆಗಾರನೂ ಇಳಿದ. ವಿರೂಪಮ್ಮ ಕಂಕುಳಲ್ಲಿದ್ದ ಗಂಟು ಬಿಚ್ಚಿದಳು. ಅದೇ ಹಸಿರು ಸೀರೆ.

"ಏನಿದು ಬೀಗರ?" ಎಂದಳು ಕೊಟ್ರಬಸಮ್ಮ.

"ಕುಬುಸ," ಎಂದ ಹೊನ್ನೂರಪ್ಪ.

ನೋಡಲು ಬಂದಿದ್ದ ನೆರೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಹಡೆದ ಮೇಲೆ ಕುಬುಸ ಮಾಡಿದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸೋ ಮನುಷ್ಯ, ಕೂಸು ಹುಟ್ಟಿದ ಮ್ಯಾಲೆ ಕುಬುಸ ಮಾಡಾಕ ಬಂದಾನವ್ವ!" ಎಂದಳೊಬ್ಬಳು. ಹೊನ್ನೂರಪ್ಪನೂ ನಕ್ಕ. ನಗಿಸಿಕೊಳ್ಳುವುದು ಅವನಿಗೆ ರೂಢಿ.

ದೊಡ್ಡಬಸವರಾಜ ಗಂಟಲು ಸರಿಮಾಡಿಕೊಂಡು ಎದ್ದ. ಬಳ್ಳಾರಿಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಹೊನ್ನೂರಪ್ಪ ಕೈ ಮುಗಿದ.

"ಮೇಷ್ಟ್ರೇ, ತಪ್ಪಾತು. ಉಡಿ ತುಂಬದ ಕಳಿಸಬಾರದಿತ್ತು. ನಿಮ್ಮ ತಂಗಿ ಬರಿ ಉಡ್ಯಾಗ ನಿಮ್ಮ ಮನಿ ಹೊಸ್ತಿಲ ಹತ್ತಿದ್ದು ನನಗೂ ಇವತ್ತಿನತನಕ ಚುಚ್ಚಾಕತ್ತೈತಿ."

ಕೇಳಬೇಕಾದದ್ದನ್ನು ಕೇಳುವ ಮೊದಲೇ ಕೊಟ್ಟುಬಿಟ್ಟರೆ ಮನುಷ್ಯ ಏನು ಮಾಡಬೇಕು? ದೊಡ್ಡಬಸವರಾಜ, "ಕುಂದರ್ರಿ, ಕುಂದರ್ರಿ," ಎಂದು ತಾನೇ ಕೂತುಬಿಟ್ಟ.

ಒಳಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಂಜಮ್ಮ ಕೇಳಿದಳು: "ಮಾವ, ಒಂದು ಮಾತು ಖರೇ ಹೇಳ್ರಿ. ಅವತ್ತ ಹೊಳಿ ಬರ್ತೈತಿ ಅಂತ ನಿಮಗ ಖಾತ್ರಿ ಇತ್ತೇನು?"

ಹೊನ್ನೂರಪ್ಪ ಕೊಡೆಯ ಹಿಡಿಯನ್ನು ತಿರುವಿದ. "ಇಲ್ಲವ್ವ. ಬರಂಗಿಲ್ಲ ಅಂತಾನ ಅನಿಸಿತ್ತು."

ವಿರೂಪಮ್ಮ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು.

"ಮತ್ಯಾಕ ಕಳಿಸಿದ್ರಿ?"

"ಬರಂಗಿಲ್ಲ ಅಂತ ನಂಬಿ ಎತ್ತು ದಂಡಿಗೆ ಕಟ್ಟಬೋದು. ಹೋದ್ರ ಇನ್ನೊಂದು ತರಬೋದು. ನಿನ್ನ ಕಟ್ಟಿ ನೋಡಾಕ ಬರ್ತೈತೇನವ್ವ? ಊರು ನಗ್ತೈತಿ ಅಂತ ಗೊತ್ತಿತ್ತು. ನೀನು ಸಿಟ್ಟಾಗ್ತಿ ಅಂತಾನೂ ಗೊತ್ತಿತ್ತು. ಹೊಳಿ ಬಂದಿದ್ರ ನಾನು ಶಾಣ್ಯಾ ಆಗ್ತಿದ್ದೆ. ಬರ್ಲಿಲ್ಲ, ಹುಚ್ಚ ಆದೆ. ಹುಚ್ಚ ಆಗಿದ್ದ ಚಲೋ ಆತು ಬಿಡು. ಹೊಳಿ ಬಂದು ಶಾಣ್ಯಾ ಅನ್ನಿಸ್ಕೊಳ್ಳೂದು ನನಗ ಬ್ಯಾಡಾಗಿತ್ತು."

ಮಂಜಮ್ಮನ ಕಣ್ಣು ತುಂಬಿತು. ವಿವೇಕ ಯಾವುದು, ಭಯ ಯಾವುದು ಎಂದು ಅವ್ವ ಅಂದು ಅಣ್ಣನಿಗೆ ಕೇಳಿದ್ದ ಪ್ರಶ್ನೆಗೆ ಉತ್ತರ ಇಲ್ಲೇ ಕೊಡೆ ಹಿಡಿದು ಕೂತಿತ್ತು. ಅಂಜುವವನು ತನಗೇನಾಗುತ್ತದೋ ಎಂದು ಅಂಜುತ್ತಾನೆ, ಊರ ನಗುವಿಗೂ ಅಂಜುತ್ತಾನೆ. ಈ ಮನುಷ್ಯ ಇನ್ನೊಬ್ಬರ ಮನೆಯ ಹೆಣ್ಣಿನ ಜೀವಕ್ಕಾಗಿ ಊರೆಲ್ಲ ನಗಲಿ ಎಂದು ತಲೆ ಕೊಟ್ಟು ನಿಂತಿದ್ದ. ದಿನ್ನೆಯ ಮೇಲಿನ ಆ ಎರಡನೆಯ ಸಸಿ ಮಡಿ ಅವಳಿಗೆ ನೆನಪಾಯಿತು. ದನ ತಿಂದರೆ ತಿನ್ನಲಿ ಎಂದು ಪ್ರತಿವರ್ಷ ಬೆಳೆಸಿದ ಹಸಿರು.

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಬಳೆಗಾರ ಕೈತುಂಬ ಬಳೆ ಇಟ್ಟ. ವಿರೂಪಮ್ಮ ಅಕ್ಕಿಯ ಮೊರ ಹಿಡಿದು ಬಂದು ಪೇಚಿಗೆ ಬಿದ್ದಳು. "ಎಲ್ಲಿ ತುಂಬಲೇ? ಉಡ್ಯಾಗ ಕೂಸೈತಿ!"

ಮತ್ತೆ ನಗು. ಮಂಜಮ್ಮ ಕೂಸನ್ನು ಎತ್ತಿದಳು. ತಾಯಿ ಕೈ ಚಾಚಿದಳು, ಅಣ್ಣ ಚಾಚಿದ, ವಿರೂಪಾಕ್ಷಿಯೂ ಚಾಚಿದ. ಅವಳು ಅವರನ್ನೆಲ್ಲ ಬಿಟ್ಟು ಮಾವನ ಕಡೆ ನೋಡಿದಳು. "ಮಾವ, ನೀವು ಹಿಡ್ಕೊರಿ."

ಹೊನ್ನೂರಪ್ಪ ಗಾಬರಿಯಾದ. ಎದ್ದು ಹೋಗಿ ಕೈ ತೊಳೆದು ಬಂದ. ಏನೋ ನೆನಪಾಗಿ ಮತ್ತೊಮ್ಮೆ ತೊಳೆದು ಬಂದ. ಗಾಳಿ ಬರುತ್ತದೆಂದು ಕಿಟಕಿ ಹಾಕಿಸಿದ. ಗೋಡೆಗೆ ಒರಗಿ ಕೂತು, ಮಡಿಲಿಗೆ ಒಂದು ಟವೆಲ್ಲು, ಅದರ ಮೇಲೆ ಇನ್ನೊಂದು ಟವೆಲ್ಲು ಹಾಸಿಕೊಂಡ ಮೇಲೆ ಕೂಸನ್ನು ಇಸಿದುಕೊಂಡ. ಕೂಸು ಅವನ ಬೆರಳು ಹಿಡಿದುಕೊಂಡು ಹಾಯಾಗಿ ನಿದ್ದೆ ಹೋಯಿತು. ಅತ್ತ ಹೆಂಗಸರು ಹಾಡು ಎತ್ತಿದರು, ವಿರೂಪಮ್ಮ ಅಳುತ್ತ ನಗುತ್ತ ಮೊಗೆಮೊಗೆದು ಉಡಿ ತುಂಬಿದಳು. ಅಷ್ಟು ಭಾರದ ಉಡಿ ಕುರುಗೋಡಿನಲ್ಲಿ ಯಾವ ಬಸುರಿಗೂ ಬಿದ್ದಿರಲಿಕ್ಕಿಲ್ಲ.

ಕಾರ್ಯ ಮುಗಿದು, ಉಡಿ ಬಿಚ್ಚಿಟ್ಟು, ಮಂಜಮ್ಮ ಮಾವನ ಮುಂದೆ ಬಂದು ನಿಂತಳು. ಹೇಳಬೇಕೆಂದುಕೊಂಡದ್ದು ಬಹಳ ಇತ್ತು. "ಮಾವ, ನನ್ನ ಕೂಸು ಉಳೀತು" ಎಂದಷ್ಟೇ ಬಂತು. ಕಾಲು ಮುಟ್ಟಲು ಬಾಗತೊಡಗಿದಳು.

"ಬಗ್ಗಬ್ಯಾಡ, ಬಗ್ಗಬ್ಯಾಡ!" ಹೊನ್ನೂರಪ್ಪ ಕೂಸನ್ನು ಎದೆಗವಚಿಕೊಂಡು ಕಾಲನ್ನು ಹಿಂದಕ್ಕೆಳೆದುಕೊಂಡ. "ಹೊಲಿಗಿ ಇನ್ನೂ ಹಸಿ ಅದಾವು. ನಮಸ್ಕಾರ ಎಲ್ಲಿ ಹೋಗ್ತೈತಿ? ಹೊಳಿ ಇಳಿದ ಮ್ಯಾಲೆ ಮನಿಗೆ ಬರ್ತಿಯಲ್ಲ, ಆವಾಗ ಮಾಡುವಂತಿ."

ಮನೆಯೆಲ್ಲ ನಕ್ಕಿತು. ಮಂಜಮ್ಮ ನಗಲಿಲ್ಲ. ಬಾಗದೆ, ನಿಂತಲ್ಲೇ, ಹಸಿರು ಬಳೆಯ ಕೈಗಳನ್ನು ಜೋಡಿಸಿದಳು.

"ಬರ್ತೀನಿ ಮಾವ," ಎಂದಳು. "ನೀವು ಹೇಳಿದ ದಿನಾನ ಬರ್ತೀನಿ. ಮಂಗಳವಾರ ಆದ್ರೂ ಬರ್ತೀನಿ."